ಮಗಳು ಕುವೈತ್‌ನಲ್ಲಿ, ಕಾಗದ ಚಿಂತಾಮಣಿಯಲ್ಲಿ: ರಾಯಭಾರ ಕಚೇರಿಯಿಂದ ಕೆಲಸ ಮಾಡಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಟೊಮೆಟೊ ಸುಗ್ಗಿಯ ಒಂದು ಬೆಳಿಗ್ಗೆ, ಶ್ರೀನಿವಾಸಪುರದ ಕಡೆಯ ಒಬ್ಬ ತಾಯಿ ಚಿಂತಾಮಣಿಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ರೇಷನ್ ಕಾರ್ಡು, ಮಗಳ ಮದುವೆಯ ಒಂದು ಫೋಟೊ, ಒಂದು ಹಳೇ ಫೋನು. ಮಗಳು ಮನೆಗೆಲಸಕ್ಕೆ ಅಂತ ಕುವೈತ್‌ಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ನಾಲ್ಕು ತಿಂಗಳಿಂದ ಸಂಬಳ ಬಂದಿರಲಿಲ್ಲ. ಕೊನೆಯ ವಾಯ್ಸ್ ಮೆಸೇಜ್ ಬಂದು ಒಂಬತ್ತು ದಿನ. ‘ನೀನು ಅಲ್ಲೇ ಇದ್ದೋನಲ್ವಾ, ಎಂಬಸಿಗೆ ಒಂದು ಮಾತು ಹೇಳಪ್ಪಾ’ ಅಂದರು.

ನಾನು ಕುವೈತ್‌ನ ಒಂದು ಗೋದಾಮಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನು. ಎಂಬಸಿಯ ಬಾಗಿಲು ನನಗೆ ಗೊತ್ತು. ಆದರೆ ಆ ಬಾಗಿಲಲ್ಲಿ ಮೊದಲು ಕೇಳುವುದು ಪಾಸ್‌ಪೋರ್ಟ್ ನಂಬರ್. ‘ಅದೇನು ಅಮ್ಮಾ?’ ಅಂದೆ. ಇರಲಿಲ್ಲ. ಕಫೀಲನ, ಅಂದರೆ ವೀಸಾ ಕೊಡಿಸಿ ಕೆಲಸಕ್ಕೆ ಇಟ್ಟುಕೊಂಡ ಮಾಲೀಕನ ಹೆಸರು? ಗೊತ್ತಿಲ್ಲ. ಯಾವ ಏರಿಯಾ? ‘ಸಮುದ್ರದ ಹತ್ತಿರ ಅಂತಿದ್ಲು.’ ಕಳಿಸಿದ ಏಜೆಂಟ್ ಫೋನ್ ಎತ್ತುತ್ತಿರಲಿಲ್ಲ.

ಆ ನಂಬರ್ ಸಿಗಲು ನಮಗೆ ಆರು ದಿನ ಹಿಡಿಯಿತು. ಅದು ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಹೊರಡುವ ಹಿಂದಿನ ದಿನ ಆಕೆ ಅಲ್ಲೇ ವೀಸಾ ಪ್ರಿಂಟ್ ತೆಗೆಸಿದ್ದಳು. ಅಂಗಡಿಯ ಹುಡುಗ ಕಂಪ್ಯೂಟರ್‌ನ ಹಳೇ ಫೈಲುಗಳನ್ನು ಅಳಿಸಿರಲಿಲ್ಲ, ಅಷ್ಟೇ ನಮ್ಮ ಪುಣ್ಯ. ಆ ಒಂದು ಹಾಳೆಯಲ್ಲಿ ಪಾಸ್‌ಪೋರ್ಟ್ ನಂಬರ್, ಕಫೀಲನ ಹೆಸರು, ವೀಸಾ ನಂಬರ್ ಎಲ್ಲ ಇತ್ತು.

ರಾಯಭಾರ ಕಚೇರಿಯ ಕೆಲಸ ಅರ್ಧಕ್ಕರ್ಧ ನಮ್ಮೂರಲ್ಲೇ ಆಗುತ್ತದೆ, ಇಲ್ಲವೇ ನಮ್ಮೂರಲ್ಲೇ ನಿಲ್ಲುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಲ್ಫ್‌ನ ಉದಾಹರಣೆ ಜಾಸ್ತಿ ಕೊಟ್ಟಿದ್ದೇನೆ, ಯಾಕೆಂದರೆ ನನ್ನ ಹತ್ತಿರ ಬರುವವರು ಜಾಸ್ತಿ ಆ ಕಡೆಯವರೇ. ಅಮೆರಿಕ, ಜರ್ಮನಿಗೆ ಹೋದವರಿಗೂ ದಾರಿ ಹೆಚ್ಚೂಕಮ್ಮಿ ಇದೇ.

ಮೊದಲ ಕೆಲಸ: ಹೊರಡುವ ಮುಂಚೆ ಮನೆಯಲ್ಲಿ ಒಂದು ಫೈಲು

ಹತ್ತು ರೂಪಾಯಿಯ ಫೈಲು ಸಾಕು. ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ, ವೀಸಾ, ಕೆಲಸದ ಒಪ್ಪಂದ, ವಿಮಾನದ ಟಿಕೆಟ್, ವಿಮೆಯ ಪಾಲಿಸಿ, ಕಳಿಸಿದ ಏಜೆಂಟ್ ಕೊಟ್ಟ ರಸೀದಿ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಒಂದು ಮನೆಯಲ್ಲಿ, ಇನ್ನೊಂದು ನೆಂಟರ ಮನೆಯಲ್ಲಿ. ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲೂ ಹಾಕಿಡಿ. ಆದರೆ ಫೋನನ್ನೇ ನಂಬಿ ಕೂರಬೇಡಿ, ಫೋನು ಕೆಡುತ್ತದೆ, ಕಳೆಯುತ್ತದೆ.

ಅಲ್ಲಿಗೆ ಹೋಗಿ ತಿಂಗಳಾದ ಮೇಲೆ ಅಲ್ಲಿನ ಗುರುತಿನ ಚೀಟಿ ಕೈಗೆ ಬರುತ್ತದೆ. ಸೌದಿಯಲ್ಲಿ ಇಕಾಮಾ ಅಂತಾರೆ, ಕುವೈತ್‌ನಲ್ಲಿ ಬತಾಕ. ಅದರ ಎರಡೂ ಬದಿಯ ಫೋಟೊ ಮನೆಗೆ ಕಳಿಸಲು ಹೇಳಿ. ಕೆಲಸದ ಮನೆಯ ಲೊಕೇಶನ್ ಕೂಡ. ಒಂದು ಸಲ ಕಳಿಸಿದರೆ ಸಾಕು, ಎರಡು ವರ್ಷ ಕಾಪಾಡುತ್ತದೆ.

ಈಗ ವೀಸಾ ವಿಷಯ. ಕುವೈತ್‌ಗೆ ಹೋಗುವವರು 18, 20 ಎಂಬ ಎರಡು ನಂಬರ್ ತಿಳಿದುಕೊಂಡಿರಲೇಬೇಕು. 18ನೇ ನಂಬರಿನದು ಕಂಪನಿ ಕೆಲಸದ ವೀಸಾ. 20ನೆಯದು ಮನೆಗೆಲಸ, ಮನೆಯ ಡ್ರೈವರ್ ಕೆಲಸದ್ದು. ಏಜೆಂಟ್ ‘ಅಂಗಡಿ ಕೆಲಸ’ ಅಂತ ಹೇಳಿ 20ರ ವೀಸಾ ಕೊಟ್ಟರೆ, ಅಲ್ಲಿ ಹೋದ ಮೇಲೆ ಅಂಗಡಿಯಲ್ಲಿ ಕೆಲಸ ಮಾಡುವುದೇ ಕಾನೂನಿಗೆ ವಿರುದ್ಧವಾಗುತ್ತದೆ. ‘ಆಜಾದ್ ವೀಸಾ’ ಅಂದರೆ ಎಲ್ಲಿ ಬೇಕಾದರೂ ದುಡಿಯಬಹುದು ಅಂತಾರಲ್ಲ, ಅಂಥ ವೀಸಾ ಯಾವ ಸರ್ಕಾರವೂ ಕೊಡುವುದಿಲ್ಲ. ಯಾರದೋ ಹೆಸರಿನಲ್ಲಿ ವೀಸಾ ತೆಗೆದು, ಇನ್ನೆಲ್ಲೋ ಕೆಲಸಕ್ಕೆ ಬಿಡುವುದು ಅದು. ಸಿಕ್ಕಿಬಿದ್ದರೆ ಜೈಲಿಗೆ ಹೋಗುವುದು ಕೆಲಸಗಾರ.

ನಿಮ್ಮ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ‘ವಲಸೆ ತಪಾಸಣೆ ಬೇಕು’ ಎಂದು ಅಚ್ಚಾಗಿದೆಯಾ ನೋಡಿ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇದು ಇರುತ್ತದೆ. ಇಂಥವರು ಕೆಲಸಕ್ಕೆ ಅಂತ 18 ದೇಶಗಳಿಗೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಕುವೈತ್, ಸೌದಿ, ಯುಎಇ, ಕತಾರ್, ಒಮಾನ್, ಬಹರೇನ್, ಮಲೇಷ್ಯಾ ಎಲ್ಲ ಆ ಪಟ್ಟಿಯಲ್ಲಿವೆ. ಈ ಅನುಮತಿ ಸಿಗುವುದು ಇ-ಮೈಗ್ರೇಟ್ ಎಂಬ ಸರ್ಕಾರಿ ಪೋರ್ಟಲ್ ಮೂಲಕ. ಇಸಿಆರ್ ಪಾಸ್‌ಪೋರ್ಟಿನ ಹೆಂಗಸರು ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. ಹತ್ತನೇ ತರಗತಿ ಪಾಸಾಗಿದ್ದೂ ಇಸಿಆರ್ ಇದ್ದರೆ, ಅಂಕಪಟ್ಟಿ ಕೊಟ್ಟು ಪಾಸ್‌ಪೋರ್ಟ್ ಬದಲಿಸಿಕೊಳ್ಳಿ.

ಕೆಲವು ಏಜೆಂಟರು ಇದನ್ನೆಲ್ಲ ತಪ್ಪಿಸಲು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ. ದಯವಿಟ್ಟು ಹೋಗಬೇಡಿ. ವಿಸಿಟ್ ವೀಸಾದಲ್ಲಿ ಹೋದವರ ಹೆಸರಿನಲ್ಲಿ ಒಪ್ಪಂದ ಇರುವುದಿಲ್ಲ, ವಲಸೆ ದಾಖಲೆ ಇರುವುದಿಲ್ಲ. ಸಂಬಳ ಬರಲಿಲ್ಲ ಎಂದು ರಾಯಭಾರ ಕಚೇರಿಗೆ ಹೋದರೆ, ಅಧಿಕಾರಿಗೆ ಮಾಲೀಕನನ್ನು ಹಿಡಿದು ಕೇಳಲು ಒಂದು ಚೂರು ಕಾಗದವೂ ಇರುವುದಿಲ್ಲ.

ಏಜೆಂಟನ ಲೈಸೆನ್ಸ್ ಅಸಲಿಯಾ ಎಂದು ಇ-ಮೈಗ್ರೇಟ್‌ನಲ್ಲೇ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿಯ ಮಿತಿ ಇದೆ, ಜಿಎಸ್‌ಟಿ ಬೇರೆ. ನಮ್ಮ ಕಡೆ ಹಳ್ಳಿಹಳ್ಳಿಗೆ ಬರುವ ‘ಸಬ್ ಏಜೆಂಟ್’ಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಎಮ್ಮೆ ಮಾರಿ, ಒಡವೆ ಅಡವಿಟ್ಟು ಆತನ ಕೈಗೆ ಲಕ್ಷ ಲಕ್ಷ ಕೊಟ್ಟವರನ್ನು ನೋಡಿದ್ದೇನೆ. ರಸೀದಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ವಿಮೆಯ ಹೆಸರು ಪ್ರವಾಸಿ ಭಾರತೀಯ ಬಿಮಾ ಯೋಜನೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಬೇರೆ. ಅಪಘಾತದಲ್ಲಿ ಸತ್ತರೆ, ಅಥವಾ ಶಾಶ್ವತವಾಗಿ ಕೈಕಾಲು ಊನವಾದರೆ 10 ಲಕ್ಷ ರೂಪಾಯಿ. ಪಾಲಿಸಿ ಮಾಡಿಸಿರುತ್ತಾರೆ, ಮನೆಯವರಿಗೆ ಹೇಳಿರುವುದಿಲ್ಲ. ಮನೆಯವರಿಗೇ ಗೊತ್ತಿಲ್ಲದ ಮೇಲೆ ದುಡ್ಡು ಕೇಳುವವರು ಯಾರು?

ಹೆಸರು: ಇಲ್ಲಿ ಒಂದು ಅಕ್ಷರ, ಅಲ್ಲಿ ಒಂದು ವರ್ಷ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಇಷ್ಟು ಕಾಡುವ ವಿಷಯ ಇನ್ನೊಂದಿಲ್ಲ. ನಮ್ಮಲ್ಲಿ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಇನಿಷಿಯಲ್ ಹಾಕುತ್ತೇವೆ. ಪಹಣಿಯಲ್ಲಿ ‘ಮುನಿಯಪ್ಪ ಬಿನ್ ದೊಡ್ಡಮುನಿಯಪ್ಪ’, ಆಧಾರ್‌ನಲ್ಲಿ ‘ಮುನಿಯಪ್ಪ ಡಿ’, ಮಾರ್ಕ್ಸ್ ಕಾರ್ಡಿನಲ್ಲಿ ‘ಡಿ.ಎಂ. ಮುನಿಯಪ್ಪ’. ಮನೆಯಾಕೆಯ ಹೆಸರು ಪಹಣಿಯಲ್ಲಿ ‘ಕೋಂ’ ಸೇರಿಕೊಂಡು ಇನ್ನೊಂದು ಥರ. ಊರಲ್ಲಿ ಎಲ್ಲರಿಗೂ ಗೊತ್ತು, ಒಬ್ಬನೇ ಮನುಷ್ಯ ಅಂತ. ವಿದೇಶದ ಕೌಂಟರಿನಲ್ಲಿ ಕೂತವರಿಗೆ ಇವರು ಮೂರು ಜನ.

ಪಾಸ್‌ಪೋರ್ಟ್ ಮಾಡಿಸುವಾಗಲೇ ಇನಿಷಿಯಲ್ ಬಿಡಿಸಿ ಬರೆಸಿ. ಹೆಸರು, ಉಪನಾಮ ಎರಡೂ ಕಾಲಂ ತುಂಬಿಸಿ. ಸುಮ್ನೆ ಒಂದು ಹೆಸರು ಹಾಕಿ ಉಪನಾಮ ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದು 2022ರ ನವೆಂಬರ್‌ನಲ್ಲಿ ಗೊತ್ತಾಯಿತು. ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದು ಯುಎಇ ಹೇಳಿತು. ಆಮೇಲೆ, ಕೊನೆಯ ಪುಟದಲ್ಲಿ ತಂದೆಯ ಹೆಸರು ಇದ್ದರೆ ಆಗಬಹುದು ಎಂದು ಸಡಿಲಿಸಿದರು. ಆದರೂ ಏರ್‌ಪೋರ್ಟಿನ ಕೌಂಟರಿನಲ್ಲಿ ನಿಂತು ಅದನ್ನು ವಾದಿಸುವ ಪಾಡು ಯಾಕೆ, ಅಲ್ವಾ?

ಹೆಸರು ಬದಲಿಸಿಕೊಳ್ಳುವುದಾದರೆ ಹೊರಡುವ ಮುಂಚೆ ಇಲ್ಲೇ ಬದಲಿಸಿ. ಬೆಂಗಳೂರಿನ ಕೋರಮಂಗಲದಲ್ಲಿ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ಇದೆ. ಅರ್ಜಿ ಕೊಡಲು ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ, ಇಲ್ಲವೇ ಅಂಚೆ ಕಚೇರಿಗಳಲ್ಲಿ ತೆರೆದಿರುವ ಕೇಂದ್ರಕ್ಕೆ ಹೋಗಬಹುದು. ವಿದೇಶದಲ್ಲಿ ಕೂತು ಹೆಸರು ಸರಿ ಮಾಡಿಸಬೇಕಾದರೆ ಅಫಿಡವಿಟ್ಟು, ಪೇಪರ್ ಜಾಹೀರಾತು, ಊರಿನ ದಾಖಲೆ ಅಂತ ಓಡಾಟ. ಅಲ್ಲಿ ರಜೆ ಸಿಗಬೇಕು, ಇಲ್ಲಿ ಓಡಾಡುವವರು ಬೇಕು.

ಯಾವ ಕಚೇರಿ, ಯಾವ ದಿನ

ರಾಯಭಾರ ಕಚೇರಿ ಆಯಾ ದೇಶದ ರಾಜಧಾನಿಯಲ್ಲಿ ಇರುತ್ತದೆ. ದೊಡ್ಡ ದೇಶವಾದರೆ ಬೇರೆ ಊರುಗಳಲ್ಲಿ ಅದರ ಶಾಖೆಯಂಥ ಕಾನ್ಸುಲೇಟ್ ಕೂಡ ಇರುತ್ತದೆ. ಸೌದಿಯಲ್ಲಿ ರಿಯಾದ್‌ನಲ್ಲಿ ರಾಯಭಾರ ಕಚೇರಿ, ಜೆದ್ದಾದಲ್ಲಿ ಕಾನ್ಸುಲೇಟ್. ಯುಎಇಯಲ್ಲಿ ಅಬುಧಾಬಿಯಲ್ಲಿ ಒಂದು, ದುಬೈನಲ್ಲಿ ಇನ್ನೊಂದು. ಶಾರ್ಜಾದಲ್ಲಿ ಇರುವವರು ದುಬೈಗೆ ಹೋಗಬೇಕು. ನೀವು ಇರುವ ಜಾಗ ಯಾರ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಅರ್ಜಿ. ತಪ್ಪು ಕಚೇರಿಗೆ ಹೋದರೆ ಒಂದು ದಿನದ ಸಂಬಳ ಹೋಯಿತು.

ಕುವೈತ್, ಸೌದಿ, ಕತಾರ್, ಒಮಾನ್‌ನಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಕೆಲಸದ ದಿನ. ಯುಎಇ ಮಾತ್ರ 2022ರಿಂದ ಶನಿವಾರ, ಭಾನುವಾರ ರಜೆಗೆ ಬಂದಿದೆ. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಚಿಂತಾಮಣಿಯಿಂದ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿ ‘ಯಾರೂ ಎತ್ತಲ್ಲ’ ಅಂದರೆ, ಅಲ್ಲಿ ಆಗ ಆರೂವರೆ. ಮಧ್ಯಾಹ್ನದ ಮೇಲೆ ಮಾಡಿ.

ಪಾಸ್‌ಪೋರ್ಟ್ ನವೀಕರಣ

ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ನಡೆಯುತ್ತದೆ, ಮಕ್ಕಳದು 5 ವರ್ಷ. ಮುಗಿಯುವ ಒಂದು ವರ್ಷ ಮುಂಚೆಯೇ ಹೊಸದಕ್ಕೆ ಅರ್ಜಿ ಕೊಡಬಹುದು. ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಎಷ್ಟೋ ಕಡೆ ವೀಸಾ, ಇಕಾಮಾ ಮುಂದುವರಿಸುವುದಿಲ್ಲ. ಹಾಗಾಗಿ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಡಿ.

ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ತುಂಬಬೇಕು. ಇಲ್ಲಿ ಒಂದು ಎಚ್ಚರ: ಭಾರತದೊಳಗಿನ ಅರ್ಜಿಗೂ ವಿದೇಶದ ಕಚೇರಿಗಳ ಅರ್ಜಿಗೂ ಬೇರೆ ಬೇರೆ ವಿಭಾಗ ಇದೆ. ದೇಶ, ಕಚೇರಿ ಸರಿಯಾಗಿ ಆರಿಸಿ. ಆಮೇಲೆ ಪ್ರಿಂಟ್ ತೆಗೆದು, ಸಮಯ ನಿಗದಿ ಮಾಡಿಕೊಂಡು ಹೋಗಬೇಕು. ಹೆಚ್ಚಿನ ದೇಶಗಳಲ್ಲಿ ಅರ್ಜಿ ತೆಗೆದುಕೊಳ್ಳುವುದು ರಾಯಭಾರ ಕಚೇರಿ ಗುತ್ತಿಗೆ ಕೊಟ್ಟಿರುವ ಸೇವಾ ಕೇಂದ್ರ. ಅಲ್ಲಿ ಎಸ್ಸೆಮ್ಮೆಸ್, ಫೋಟೊ, ಫಾರಂ ತುಂಬುವುದು ಅಂತ ಹೆಚ್ಚಿನ ಸೇವೆಗಳ ಪಟ್ಟಿ ಇಡುತ್ತಾರೆ. ಅವು ಕಡ್ಡಾಯ ಅಲ್ಲ. ಬೇಡ ಅಂದರೆ ಬೇಡ ಅಂತ ಹೇಳಿ, ರಸೀದಿ ಓದಿ ದುಡ್ಡು ಕೊಡಿ.

ಊರಿನ ವಿಳಾಸದಲ್ಲಿ ಪೊಲೀಸ್ ಪರಿಶೀಲನೆಗೆ ಕಳಿಸುವುದುಂಟು. ಠಾಣೆಯಿಂದ ಫೋನ್ ಬಂದರೆ ಮನೆಯವರು ಹೆದರುವುದು ಬೇಡ. ಹುಡುಗ ಎಲ್ಲಿದ್ದಾನೆ ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ‘ಊರಲ್ಲೇ ಇದ್ದಾನೆ ಸಾರ್’ ಅಂತ ಒಬ್ಬ ತಂದೆ ಭಯಕ್ಕೆ ಹೇಳಿದ್ದರಿಂದ ಒಂದು ಪಾಸ್‌ಪೋರ್ಟ್ ಮೂರು ತಿಂಗಳು ನಿಂತದ್ದನ್ನು ನಾನು ಕಂಡಿದ್ದೇನೆ.

ಪಾಸ್‌ಪೋರ್ಟ್ ಕಳೆದರೆ, ಮಾಲೀಕ ಕಿತ್ತಿಟ್ಟುಕೊಂಡರೆ

ಕಳೆದಿದ್ದರೆ ಮೊದಲು ಅಲ್ಲಿನ ಪೊಲೀಸರಲ್ಲಿ ದೂರು. ಆ ದೂರಿನ ಪ್ರತಿ ಇಲ್ಲದೆ ಮುಂದಿನದು ಒಂದೂ ನಡೆಯುವುದಿಲ್ಲ. ಆಮೇಲೆ ಎರಡು ದಾರಿ. ಅಲ್ಲೇ ಇದ್ದು ದುಡಿಯುವವರಿಗೆ ಹೊಸ ಪಾಸ್‌ಪೋರ್ಟ್. ಊರಿಗೆ ಬಂದರೆ ಸಾಕು ಅನ್ನುವವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್. ಗಲ್ಫ್‌ನಲ್ಲಿ ಇದನ್ನೇ ‘ಔಟ್‌ಪಾಸ್’ ಅನ್ನುತ್ತಾರೆ. ಭಾರತಕ್ಕೆ ಒಂದು ಸಲ ಬರಲು ಮಾತ್ರ ಅದು ನಡೆಯುತ್ತದೆ.

ಔಟ್‌ಪಾಸ್ ಕೈಗೆ ಬಂತು ಅಂದಮಾತ್ರಕ್ಕೆ ವಿಮಾನ ಹತ್ತಲು ಆಗುವುದಿಲ್ಲ. ಅದು ನಮ್ಮ ಸರ್ಕಾರ ಕೊಡುವ ಕಾಗದ. ಹೊರಗೆ ಬಿಡಬೇಕಾದದ್ದು ಆ ದೇಶದ ಸರ್ಕಾರ. ವೀಸಾ ಮುಗಿದು ದಂಡ ಬೆಳೆದಿದೆಯಾ, ಮಾಲೀಕ ‘ಓಡಿಹೋಗಿದ್ದಾಳೆ’ ಎಂದು ಕೇಸು ಹಾಕಿದ್ದಾನಾ, ಇದನ್ನೆಲ್ಲ ಅಲ್ಲಿನ ವಲಸೆ ಇಲಾಖೆಯಲ್ಲಿ ತೀರಿಸಬೇಕು. ಮನೆಯವರು ‘ಔಟ್‌ಪಾಸ್ ಸಿಕ್ತು, ನಾಳೆ ಬರ್ತಾಳೆ’ ಎಂದು ಕಾರು ಬುಕ್ ಮಾಡಿಬಿಡುತ್ತಾರೆ. ಟಿಕೆಟ್ ಕೈಗೆ ಬರುವ ತನಕ ತಾಳಿ.

ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇದ್ದರೆ ಅದು ಕಳೆದ ಹಾಗಲ್ಲ. ‘ಕಳೆದಿದೆ’ ಎಂದು ಸುಳ್ಳು ದೂರು ಕೊಡಬೇಡಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಹಿಡಿದಿಟ್ಟುಕೊಳ್ಳಲು ಮಾಲೀಕನಿಗೆ ಹಕ್ಕಿಲ್ಲ. ಕುವೈತ್‌ನ 2015ರ ಮನೆಗೆಲಸದವರ ಕಾನೂನು ಇದನ್ನು ಬಾಯಿ ಬಿಟ್ಟು ಹೇಳುತ್ತದೆ. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು ಎಂದೂ ಅದೇ ಕಾನೂನಿನಲ್ಲಿದೆ. ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೆ ಅಧಿಕಾರಿಯ ಮುಂದೆ ‘ಕಷ್ಟ ಆಗ್ತಿದೆ’ ಎಂದು ಅಳುವ ಬದಲು ‘ಹದಿನೆಂಟು ಗಂಟೆ ದುಡಿಸ್ತಾರೆ, ರಜೆ ಇಲ್ಲ, ಪಾಸ್‌ಪೋರ್ಟ್ ಕೊಡ್ತಿಲ್ಲ’ ಎಂದು ಹೇಳಬಹುದು. ದೂರು ಬರೆದುಕೊಳ್ಳುವವರಿಗೆ ಬೇಕಾದದ್ದು ಆ ಮೂರು ಮಾತು.

ಸಂಬಳ ಇಲ್ಲ, ಹೊಡೆತ, ಸುಳಿವಿಲ್ಲ: ಊರಿನಿಂದ ದೂರು ಕೊಡುವುದು

ಇಲ್ಲಿ ‘ಮದದ್’ ಎಂಬ ಪೋರ್ಟಲ್ ಕೆಲಸಕ್ಕೆ ಬರುತ್ತದೆ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರು ಮಾಡಿದ್ದು. ವಿದೇಶದಲ್ಲಿರುವವರೂ ದೂರು ಹಾಕಬಹುದು, ಊರಿನಲ್ಲಿರುವ ಮನೆಯವರೂ ಹಾಕಬಹುದು. ಆ ತಾಯಿಯ ಪರವಾಗಿ ನಾವು ಹಾಕಿದ್ದು ಹೀಗೆ.

ಮೊದಲು ತಾಯಿಯ ಫೋನ್ ನಂಬರ್, ಇಮೇಲ್ ಕೊಟ್ಟು ಖಾತೆ ತೆರೆದೆವು. ಇಮೇಲ್ ಅವರ ಅಣ್ಣನ ಮಗನದು. ಆಮೇಲೆ ದೂರಿನ ಬಗೆ ಆರಿಸಬೇಕು. ಸಂಬಳ ಬಾಕಿ, ಮಾಲೀಕನ ಕಿರುಕುಳ, ಜೈಲು, ಊರಿಗೆ ಕರೆಸಿಕೊಳ್ಳುವುದು, ಸುಳಿವಿಲ್ಲದಿರುವುದು, ಶವ ತರುವುದು ಹೀಗೆ ಬೇರೆ ಬೇರೆ ಇವೆ. ನಮ್ಮದರಲ್ಲಿ ಸಂಬಳವೂ ಇತ್ತು, ಸುಳಿವೂ ಇರಲಿಲ್ಲ. ಯಾವುದು ಅವಸರವೋ ಅದನ್ನು ಆರಿಸಿ, ಉಳಿದದ್ದನ್ನು ವಿವರದಲ್ಲಿ ಬರೆಯಬೇಕು. ನಾವು ‘ಊರಿಗೆ ಕರೆಸಿಕೊಳ್ಳುವುದು’ ಆರಿಸಿದೆವು.

ವಿವರ ಬರೆಯುವಾಗ ನನ್ನ ಮೊದಲ ಕರಡು ಎರಡು ಪುಟ ಆಯಿತು. ತಾಯಿ ಹೇಳಿದ್ದನ್ನೆಲ್ಲ ಬರೆದಿದ್ದೆ. ಆಮೇಲೆ ಹರಿದುಹಾಕಿ ಎಂಟು ಸಾಲು ಮಾಡಿದೆ. ಹೆಸರು, ಪಾಸ್‌ಪೋರ್ಟ್ ನಂಬರ್. ಹೋದ ತಾರೀಖು, ವೀಸಾದ ಬಗೆ. ಮಾಲೀಕನ ಹೆಸರು, ಫೋನ್. ಎಂದಿನಿಂದ ಸಂಬಳ ಇಲ್ಲ, ತಿಂಗಳಿಗೆ ಎಷ್ಟು ದಿನಾರ್ ಮಾತಾಗಿತ್ತು. ಕೊನೆಯ ಸಲ ಮಾತಾಡಿದ್ದು ಎಂದು, ಏನು ಹೇಳಿದಳು. ನಮಗೆ ಬೇಕಾದದ್ದು ಏನು. ಕೊನೆಯದು ಬಲು ಮುಖ್ಯ. ‘ಸಹಾಯ ಮಾಡಿ’ ಅಂದರೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ‘ಬಾಕಿ ನಾಲ್ಕು ತಿಂಗಳ ಸಂಬಳ ಕೊಡಿಸಿ, ಊರಿಗೆ ಕಳಿಸಿ’ ಅಂದರೆ ತಿಳಿಯುತ್ತದೆ.

ದೂರು ಹಾಕಿದ ಮೇಲೆ ಒಂದು ನಂಬರ್ ಬರುತ್ತದೆ. ಅದನ್ನು ಗೋಡೆಯ ಮೇಲೆ ಬರೆದಿಡಿ ಅಂದರೂ ತಪ್ಪಿಲ್ಲ. ಇಮೇಲ್, ಫೋನ್, ಶಾಸಕರ ಪತ್ರ, ಎಲ್ಲದರಲ್ಲೂ ಆ ನಂಬರ್ ಹಾಕಬೇಕು. ಇಲ್ಲದಿದ್ದರೆ ಒಂದೊಂದು ಕಡೆ ಒಂದೊಂದು ಹೊಸ ಫೈಲು ತೆರೆಯುತ್ತದೆ, ಎಲ್ಲವೂ ಮೊದಲಿಂದ.

ಮದದ್ ಒಂದನ್ನೇ ನಂಬಿ ಕೂರಬೇಡಿ. ರಾಯಭಾರ ಕಚೇರಿಗೆ ನೇರವಾಗಿ ಇಮೇಲ್ ಮಾಡಿ. ಹಲವು ಕಚೇರಿಗಳು ವಾಟ್ಸ್‌ಆ್ಯಪ್ ನಂಬರನ್ನೂ ಇಟ್ಟಿವೆ. ನಂಬರ್ ಅವರ ಸ್ವಂತ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ, ಫಾರ್ವರ್ಡ್ ಆಗಿ ಬಂದದ್ದನ್ನು ನಂಬಬೇಡಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800-11-3090, ಇದಕ್ಕೆ ಭಾರತದಿಂದಲೇ ಕರೆ ಮಾಡಬಹುದು. ಜಿಲ್ಲಾಧಿಕಾರಿ ಕಚೇರಿಗೆ ಒಂದು ಮನವಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಏಜೆಂಟ್ ಮೋಸ ಮಾಡಿದ್ದರೆ ಅದಕ್ಕೆ ಬೇರೆಯಾಗಿ ನಮ್ಮ ಪೊಲೀಸ್ ಠಾಣೆಯಲ್ಲಿ ದೂರು.

ಅಲ್ಲಿರುವವರಿಗೆ ಹೇಳಬೇಕಾದದ್ದು ಇಷ್ಟು. ಹೊರಗೆ ಬರಲು ಆದರೆ ನೇರ ರಾಯಭಾರ ಕಚೇರಿಗೆ ಬರಲಿ. ಯಾರೋ ಪರಿಚಯದವರ ರೂಮಿಗೆ ಹೋಗಿ ಕೂರುವುದು ಬೇಡ, ಅದರಿಂದ ‘ಓಡಿಹೋದಳು’ ಕೇಸಿಗೆ ಬಲ ಬರುತ್ತದೆ. ಕುವೈತ್‌ನ ನಮ್ಮ ರಾಯಭಾರ ಕಚೇರಿ ಸಂಕಟದಲ್ಲಿರುವ ಮನೆಗೆಲಸದ ಹೆಂಗಸರಿಗೆ ತಂಗಲು ಆಶ್ರಯ ನಡೆಸುತ್ತದೆ. ಭಾಷೆ ಬರದಿದ್ದರೆ ಕುವೈತ್ ಕನ್ನಡ ಕೂಟದಂಥ ಸಂಘಗಳವರು ಇದ್ದಾರೆ. ನಮ್ಮ ಕಡೆಯವರಿಗೆ ತೆಲುಗು ಚೆನ್ನಾಗಿ ಬರುತ್ತದಲ್ಲ, ಅದೂ ಅಲ್ಲಿ ಕೈ ಹಿಡಿಯುತ್ತದೆ. ಕಡಪ, ರಾಯಚೋಟಿ ಕಡೆಯ ಹೆಂಗಸರು ಅಲ್ಲಿ ತುಂಬ ಜನ ಇದ್ದಾರೆ.

ಟಿಕೆಟ್ಟಿಗೂ ದುಡ್ಡಿಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. 2009ರಲ್ಲಿ ಶುರುವಾದದ್ದು. ಬಡವರ ವಿಮಾನದ ಟಿಕೆಟ್, ಊಟ, ವಸತಿ, ತುರ್ತು ಚಿಕಿತ್ಸೆ, ವಕೀಲರ ನೆರವು, ಶವ ಕಳಿಸುವುದು ಇಂಥದ್ದಕ್ಕೆ ಅದರಿಂದ ಖರ್ಚು ಮಾಡಬಹುದು. ಅದು ಭಿಕ್ಷೆ ಅಲ್ಲ. ಪಾಸ್‌ಪೋರ್ಟ್, ದೃಢೀಕರಣದ ಪ್ರತಿ ಸೇವೆಯ ಮೇಲೂ ಸ್ವಲ್ಪ ಸ್ವಲ್ಪ ವಸೂಲಿ ಮಾಡಿ ಕೂಡಿಸಿದ್ದು, ಅಲ್ಲಿ ದುಡಿದವರದೇ ದುಡ್ಡು. ಆದರೆ ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು.

ಜೈಲಿಗೆ ಹೋದವರ ವಿಷಯದಲ್ಲಿ ಮಾತ್ರ ಆಸೆಗೆ ಒಂದು ಮಿತಿ ಇಟ್ಟುಕೊಳ್ಳಿ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ, ಬಂಧಿತ ಕೇಳಿಕೊಂಡರೆ ಆತನ ದೇಶದ ಕಚೇರಿಗೆ ತಿಳಿಸಬೇಕು, ಅಧಿಕಾರಿಗಳು ಹೋಗಿ ನೋಡಬಹುದು. ಹಾಗಾಗಿ ಆತ ‘ನನ್ನ ಎಂಬಸಿಗೆ ತಿಳಿಸಿ’ ಎಂದು ಬಾಯಿಬಿಟ್ಟು ಕೇಳಬೇಕು. ವಕೀಲರ ಪಟ್ಟಿ ಸಿಗುತ್ತದೆ, ಮನೆಗೆ ಸುದ್ದಿ ಬರುತ್ತದೆ. ಬಿಡಿಸಿಕೊಂಡು ಬರುವ ಅಧಿಕಾರ ರಾಯಭಾರಿಗೂ ಇಲ್ಲ. ‘ಎಂಬಸಿಯಲ್ಲಿ ನಮ್ಮವರಿದ್ದಾರೆ, ಎರಡು ಲಕ್ಷ ಕೊಟ್ಟರೆ ಬಿಡಿಸ್ತೀನಿ’ ಅನ್ನುವವನು ಮೋಸಗಾರ.

ಜಮೀನಿನ ಕಾಗದ: ವಿದೇಶದಿಂದ ಪವರ್ ಆಫ್ ಅಟಾರ್ನಿ

ಚಿಕ್ಕಬಳ್ಳಾಪುರದ ಕಡೆ ಜಮೀನಿನ ಬೆಲೆ ಏರಿದ ಮೇಲೆ ಈ ಕೆಲಸ ಜಾಸ್ತಿ ಆಗಿದೆ. ನಾಲ್ಕು ಜನ ಅಣ್ಣತಮ್ಮಂದಿರು, ಒಬ್ಬ ದೋಹಾದಲ್ಲಿ. ವಿಭಾಗ ಪತ್ರಕ್ಕೆ ಆತನ ಸಹಿ ಬೇಕು, ರಜೆ ಇಲ್ಲ. ಆಗ ಆತ ಊರಿನಲ್ಲಿರುವ ಒಬ್ಬರಿಗೆ ಅಧಿಕಾರ ಕೊಡಬಹುದು. ಭಾರತದ ಕಾನ್ಸುಲರ್ ಅಧಿಕಾರಿಯ ಮುಂದೆ ಸಹಿ ಮಾಡಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯನ್ನು ನೋಂದಣಿ ಕಾಯಿದೆ ಒಪ್ಪುತ್ತದೆ.

ಕರಡನ್ನು ಊರಿನ ವಕೀಲರು ಅಥವಾ ಪತ್ರ ಬರಹಗಾರರ ಹತ್ತಿರವೇ ಬರೆಸಿ. ಸರ್ವೆ ನಂಬರ್, ಗ್ರಾಮ, ಹೋಬಳಿ, ಎಕರೆ ಗುಂಟೆ, ಚಕ್ಕುಬಂದಿ ಎಲ್ಲ ಪಹಣಿ ನೋಡಿಕೊಂಡು ಹಾಕಬೇಕು. ಪಹಣಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಬೇರೆ ಇದ್ದರೆ, ಇಬ್ಬರೂ ಒಬ್ಬರೇ ಎಂಬ ಸಾಲು ಅದರಲ್ಲೇ ಬರಲಿ. ಕನ್ನಡದ ಜೊತೆ ಇಂಗ್ಲಿಷ್ ಪ್ರತಿಯೂ ಇದ್ದರೆ ಅಲ್ಲಿ ಸಲೀಸು. ನನ್ನ ಸಲಹೆ ಕೇಳಿದರೆ, ಎಲ್ಲ ಅಧಿಕಾರ ಕೊಡುವ ಜಿಪಿಎ ಬೇಡ. ಈ ಸರ್ವೆ ನಂಬರ್, ಈ ಒಂದು ಕೆಲಸ ಎಂದು ಬರೆದ ಸ್ಪೆಷಲ್ ಪವರ್ ಸಾಕು. ಒಡಹುಟ್ಟಿದವರ ಮೇಲೆ ಅನುಮಾನ ಅಂತ ಅಲ್ಲ. ಮುಂದೆ ಜಗಳಕ್ಕೆ ಜಾಗವೇ ಇರಬಾರದು ಅಂತ.

ರಾಯಭಾರ ಕಚೇರಿಗೆ ಹೋಗುವವರೆಗೆ ಸಹಿ ಹಾಕಬಾರದು. ಇದನ್ನು ಕೆಂಪು ಇಂಕಿನಲ್ಲಿ ಬರೆದು ಕಳಿಸಿ. ರೂಮಿನಲ್ಲೇ ಸಹಿ ಮಾಡಿಕೊಂಡು ಹೋದವರನ್ನು ವಾಪಸ್ ಕಳಿಸುತ್ತಾರೆ. ಪಾಸ್‌ಪೋರ್ಟ್, ಅದರ ಜೆರಾಕ್ಸ್, ಅಲ್ಲಿನ ಗುರುತಿನ ಚೀಟಿ, ಫೋಟೊ ಬೇಕು. ಎಷ್ಟೋ ಕಡೆ ಇಬ್ಬರು ಸಾಕ್ಷಿಗಳನ್ನೂ ಕೇಳುತ್ತಾರೆ, ಅವರೂ ತಮ್ಮ ಗುರುತಿನ ಚೀಟಿ ತರಬೇಕು. ಅಧಿಕಾರಿ ದೃಢೀಕರಿಸುವುದು ಸಹಿಯನ್ನಷ್ಟೇ. ಒಳಗೆ ಬರೆದದ್ದು ಸರಿಯಾ ತಪ್ಪಾ ಅವರು ನೋಡುವುದಿಲ್ಲ. ಸರ್ವೆ ನಂಬರ್ 47/2 ಬದಲು 42/7 ಆಗಿದ್ದರೂ ಸೀಲು ಬೀಳುತ್ತದೆ.

ಅಸಲು ಪತ್ರ ಕೊರಿಯರ್‌ನಲ್ಲಿ ಊರಿಗೆ ಬಂದ ದಿನದಿಂದ ಲೆಕ್ಕ ಶುರು. ಹೊರಗೆ ಬರೆದುಕೊಟ್ಟ ಇಂಥ ಪತ್ರಕ್ಕೆ, ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದಕ್ಕೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಬಂದ ದಿನ ಯಾವುದು ಎಂದು ತೋರಿಸಲು ಕೊರಿಯರ್ ಕವರೇ ಸಾಕ್ಷಿ. ಜನ ಏನು ಮಾಡುತ್ತಾರೆ ಗೊತ್ತಾ? ಪತ್ರವನ್ನು ಬೀರುವಿನಲ್ಲಿ ಭದ್ರವಾಗಿಟ್ಟು ಕವರನ್ನು ಒಲೆಗೆ ಹಾಕುತ್ತಾರೆ. ಕವರನ್ನೂ ಪತ್ರಕ್ಕೆ ಪಿನ್ ಮಾಡಿಡಿ.

ಮಗು ಹುಟ್ಟಿದರೆ, ಪಿಂಚಣಿ ಇದ್ದರೆ, ಪೌರತ್ವ ಬದಲಾದರೆ

ಇವು ಬೇಗ ಮುಗಿಯುವ ಮಾತು. ಭಾರತೀಯ ತಂದೆತಾಯಿಗೆ ವಿದೇಶದಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿ. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಮಗುವಿನ ಹೆಸರಿನಲ್ಲೂ ಉಪನಾಮ ಮರೆಯಬೇಡಿ.

ತುಮಕೂರಿನ ಕಡೆಯ ನಿವೃತ್ತ ಮೇಷ್ಟ್ರು ಬಾಣಂತನಕ್ಕೆಂದು ಹೆಂಡತಿ ಜೊತೆ ಮಗಳ ಮನೆಗೆ ಅಮೆರಿಕಕ್ಕೆ ಹೋಗಿರುತ್ತಾರೆ. ಅಷ್ಟರಲ್ಲಿ ನವೆಂಬರ್ ಬರುತ್ತದೆ, ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕು. ಅದಕ್ಕಾಗಿ ಊರಿಗೆ ಬರುವುದು ಬೇಡ. ಅಲ್ಲಿನ ಭಾರತೀಯ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬಹುದು.

ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪಾಸ್‌ಪೋರ್ಟನ್ನು ಕಾನ್ಸುಲೇಟಿಗೆ ಒಪ್ಪಿಸಲೇಬೇಕು. ಆಮೇಲೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ತೆಗೆದುಕೊಂಡರೆ ಊರಿಗೆ ಬರಲು ಪ್ರತಿ ಸಲ ವೀಸಾ ಬೇಕಿಲ್ಲ. ಆದರೆ ಒಸಿಐ ಇದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅದು ಬೇರೆ ಮಾತು.

ಅಲ್ಲಿ ಸಾವಾದರೆ

ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಶವ ಊರಿಗೆ ಬರಲು ಅಲ್ಲಿನ ಮರಣ ಪ್ರಮಾಣಪತ್ರ, ಅಸಹಜ ಸಾವಾದರೆ ಪೊಲೀಸ್ ವರದಿ, ಶವ ಕೆಡದಂತೆ ಸಂಸ್ಕರಿಸಿದ ಪ್ರಮಾಣಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಮನೆಯವರಿಂದ ಒಂದು ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ. ಮನೆಯಲ್ಲಿ ಯಾರು ಸಹಿ ಮಾಡಬೇಕು ಎಂದು ಹೆಂಡತಿಯ ಕಡೆಯವರೂ ತಂದೆಯ ಕಡೆಯವರೂ ಎಳೆದಾಡಿದರೆ ದಿನಗಳು ಹೋಗುತ್ತವೆ. ಒಬ್ಬರನ್ನು ಮುಂದೆ ಬಿಡಿ.

ಶವ ಬರುವುದು ದೇವನಹಳ್ಳಿಯ ವಿಮಾನ ನಿಲ್ದಾಣದ ಕಾರ್ಗೋ ವಿಭಾಗಕ್ಕೆ, ಪ್ರಯಾಣಿಕರ ಬಾಗಿಲಿಗೆ ಅಲ್ಲ. ತೆಗೆದುಕೊಳ್ಳಲು ಹೋಗುವವರು ತಮ್ಮ ಆಧಾರ್, ಮೃತರ ಪಾಸ್‌ಪೋರ್ಟ್ ಪ್ರತಿ, ವಿಮಾನದವರು ಕೊಟ್ಟ ಸರಕು ರಸೀದಿಯ ನಂಬರ್ ಇಟ್ಟುಕೊಂಡಿರಬೇಕು. ಬಾಕಿ ಸಂಬಳ, ಪರಿಹಾರ ಕೇಳುವ ಹಕ್ಕು ಶವ ಬಂದ ಮೇಲೂ ಇರುತ್ತದೆ. ಮದದ್‌ನಲ್ಲಿ ಅದಕ್ಕೆ ಬೇರೆ ದೂರು ಹಾಕಿ. ವಿಮೆಯ ಪಾಲಿಸಿ ಹುಡುಕಿ. ಮಾಲೀಕ ಕಳಿಸಿದ ಯಾವ ಅರಬ್ಬಿ ಕಾಗದಕ್ಕೂ, ಅದರಲ್ಲಿ ಏನಿದೆ ಎಂದು ಓದಿಸದೆ ಸಹಿ ಮಾಡಬೇಡಿ.

ವಾಪಸ್ ಬಂದ ಮೇಲೆ

ಆ ತಾಯಿಯ ಮಗಳು ದೂರು ಹಾಕಿದ ಏಳನೇ ವಾರ ಬಂದಳು. ಔಟ್‌ಪಾಸ್‌ನಲ್ಲಿ. ನಾಲ್ಕು ತಿಂಗಳ ಬಾಕಿಯಲ್ಲಿ ಎರಡು ತಿಂಗಳದ್ದು ಸಿಕ್ಕಿತ್ತು. ವಿಮಾನ ನಿಲ್ದಾಣದ ಹೊರಗೆ ತಾಯಿ ಆಕೆಯ ಕೈ ಹಿಡಿದುಕೊಂಡು ಒಂದೊಂದು ಬೆರಳನ್ನೂ ಮುಟ್ಟಿ ನೋಡಿದರು. ಸೋಪಿನ ನೀರಿಗೆ ಸಂದು ಸಂದು ಬಿರಿದಿತ್ತು.

ಮನೆಗೆ ಹೋದ ಮೇಲೆ ಆಕೆ ಔಟ್‌ಪಾಸಿನ ಕಾಗದವನ್ನು ಹರಿಯಲು ಹೊರಟಿದ್ದಳಂತೆ, ‘ಇದನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ’ ಅಂತ. ಹರಿಯಬೇಡಿ. ಮುಂದೆ ಹೊಸ ಪಾಸ್‌ಪೋರ್ಟ್ ಮಾಡಿಸುವಾಗ ಹಳೆಯದು ಏನಾಯಿತು ಎಂದು ಕೇಳುತ್ತಾರೆ. ಆಗ ಔಟ್‌ಪಾಸಿನ ಅಸಲು ಇಲ್ಲವೇ ಪ್ರತಿ, ಅಲ್ಲಿ ಕೊಟ್ಟ ಪೊಲೀಸ್ ದೂರಿನ ಪ್ರತಿ, ಹಳೇ ಪಾಸ್‌ಪೋರ್ಟಿನ ಜೆರಾಕ್ಸ್ ಜೊತೆಗಿರಬೇಕು. ಏರ್‌ಪೋರ್ಟಿನಲ್ಲಿ ಅಸಲನ್ನು ತೆಗೆದುಕೊಳ್ಳಬಹುದು, ಅದಕ್ಕೇ ವಿಮಾನ ಹತ್ತುವ ಮುಂಚೆಯೇ ಫೋಟೊ ತೆಗೆದು ಮನೆಗೆ ಕಳಿಸಲು ಹೇಳಿ. ಬಾಕಿ ಇನ್ನೆರಡು ತಿಂಗಳ ಸಂಬಳಕ್ಕೆ ಆಕೆಯ ಹಳೇ ದೂರಿನ ನಂಬರಿನಲ್ಲೇ ಮತ್ತೆ ಬರೆದಿದ್ದೇವೆ.